ಬೇಕಾದ ಹಾಡು, ಸಿಗದ ಟೇಪು

ಹಾಡಿನ ಅಭಿಮಾನಿ ಬರೆಯುವ ಪಟ್ಟಿಗೆ ಕೊನೆಯೆಂಬುದಿಲ್ಲ. ಆಕಾಶವಾಣಿಗೆ ಕಾರ್ಡು ಬರೆದು, ಮೆಚ್ಚಿನ ಗೀತೆಯ ಕೆಳಗೆ ಮನೆಮಂದಿಯ ಹೆಸರನ್ನೆಲ್ಲ ಸೇರಿಸಿ, ಆ ದಿನ ರೇಡಿಯೊ ಬಿಟ್ಟು ಕದಲದೆ ಕುಳಿತವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅಂಥವೇ ಪಟ್ಟಿಗಳು 2005ರ ಈಚೆಗೆ ಅಮೆರಿಕದಲ್ಲಿ ಬೇರೊಂದು ವಿಳಾಸಕ್ಕೆ ಹೋಗತೊಡಗಿದವು. ಬರೆದವರು ಹೆಚ್ಚಾಗಿ ಹದಿಹರೆಯದವರು. ಅವರ ಜೊತೆಗೆ ಹದಿಹರೆಯವನ್ನು ಇನ್ನೂ ಮರೆಯದ ನಡುವಯಸ್ಸಿನವರು. ವಿಳಾಸ ಮಾತ್ರ ರೇಡಿಯೊ ಕೇಂದ್ರದ್ದಲ್ಲ, ವಿಡಿಯೊ ಆಟ ತಯಾರಿಸುವ ಕಂಪನಿಯದು. ಮುಂದಿನ ಆಟದಲ್ಲಿ ಇಂಥ ಹಾಡು ಇರಲೇಬೇಕು, ಇಂಥ ತಂಡವನ್ನು ಬಿಟ್ಟರೆ ಆಟಕ್ಕೆ ಅರ್ಥವೇ ಇಲ್ಲ ಎಂಬುದು ಈ ಪಟ್ಟಿಗಳ ಒಟ್ಟು ಸಾರ.

ಕೋರಿಕೆಯನ್ನು ಈಡೇರಿಸಲು ರೇಡಿಯೊದವರಿಗೆ ಸಂಗ್ರಹದಲ್ಲಿ ಒಂದು ರೆಕಾರ್ಡು ಇದ್ದರೆ ಸಾಕು. ಆಟದವರಿಗೆ ಅಷ್ಟು ಸಾಲದು. ಅವರಿಗೆ ಹಾಡು ಇಡಿಯಾಗಿ ಅಲ್ಲ, ಬಿಡಿಬಿಡಿಯಾಗಿ ಬೇಕು. ಗಿಟಾರು ಬೇರೆ, ಡ್ರಮ್ ಬೇರೆ, ಕಂಠ ಬೇರೆ. ಈ ಒಂದು ಸಣ್ಣ ಅಗತ್ಯದಿಂದಾಗಿ ಜಗತ್ತಿನ ದೊಡ್ಡ ದೊಡ್ಡ ಸಂಗೀತ ಕಂಪನಿಗಳು ತಮ್ಮ ಉಗ್ರಾಣಗಳಲ್ಲಿ ಏನಿದೆ, ಏನಿಲ್ಲ ಎಂದು ಹುಡುಕಿನೋಡಬೇಕಾಯಿತು. ಸಿಕ್ಕ ಉತ್ತರ ಎಲ್ಲ ಕಡೆಯೂ ಸಮಾಧಾನ ತರುವಂತಿರಲಿಲ್ಲ.

ರಿದಮ್ ಗೇಮ್ ಎಂದು ಕರೆಸಿಕೊಳ್ಳುವ ಈ ಆಟದ ವಿಧಾನ ಸರಳ. ಟಿ.ವಿ. ಪರದೆಯ ಮೇಲೆ ರಸ್ತೆಯಂಥ ಒಂದು ಹಾದಿ. ಹಾಡು ಶುರುವಾದೊಡನೆ ಆ ಹಾದಿಯಲ್ಲಿ ಬಣ್ಣದ ಬಿಲ್ಲೆಗಳು ಆಟಗಾರನ ಕಡೆಗೆ ಜಾರಿಬರುತ್ತವೆ. ಕೈಯಲ್ಲಿ ಪ್ಲಾಸ್ಟಿಕ್ ಗಿಟಾರು. ಅದರ ಕತ್ತಿನ ಮೇಲೆ ತಂತಿಗಳ ಬದಲು ಐದು ಬಣ್ಣದ ಗುಂಡಿಗಳು. ಬಿಲ್ಲೆ ಗೆರೆಗೆ ಬಂದ ಕ್ಷಣದಲ್ಲಿ ಅದೇ ಬಣ್ಣದ ಗುಂಡಿಯನ್ನು ಒತ್ತಿಹಿಡಿದು ಮೀಟಿದರೆ ಗಿಟಾರಿನ ನಾದ ಕೇಳಿಸುತ್ತದೆ. ತಪ್ಪಿದರೆ ಗಿಟಾರು ಮೂಕವಾಗುತ್ತದೆ, ಉಳಿದ ವಾದ್ಯಗಳು ಮುಂದೆ ಸಾಗುತ್ತವೆ. ಆಟದ ಮೋಡಿಯೆಲ್ಲ ಇರುವುದು ಇಲ್ಲಿ. ಕೇಳುಗನಿಗೆ ತಾನೇ ನುಡಿಸುತ್ತಿದ್ದೇನೆಂಬ ಭ್ರಮೆ ಹುಟ್ಟುವುದು ನಾದ ಬಂದಾಗಲ್ಲ, ತನ್ನ ತಪ್ಪಿನಿಂದ ಅದು ನಿಂತಾಗ. ಗಿಟಾರೊಂದನ್ನೇ ಹೀಗೆ ನಿಲ್ಲಿಸಬೇಕಾದರೆ ಅದು ಮೊದಲೇ ಉಳಿದವುಗಳಿಂದ ಬೇರ್ಪಟ್ಟಿರಬೇಕು. ಅಂಗಡಿಯಲ್ಲಿ ಸಿಗುವ ಸಿ.ಡಿ.ಯಲ್ಲಿ ಎಲ್ಲವೂ ಬೆರೆತುಹೋಗಿರುತ್ತದೆ. ಕಲಸಿದ ಅನ್ನದಿಂದ ಸಾರನ್ನು ಮರಳಿ ತೆಗೆಯುವಂತಿಲ್ಲ. ಬೇಕಾದದ್ದು ಸ್ಟುಡಿಯೊದಲ್ಲಿ ಒಂದೊಂದು ವಾದ್ಯವನ್ನು ಒಂದೊಂದು ಟ್ರ್ಯಾಕಿನಲ್ಲಿ ಹಿಡಿದಿಟ್ಟ ಮೂಲ ಟೇಪು.

ಈ ಜಾತಿಯ ಆಟ ಹುಟ್ಟಿದ್ದು ಜಪಾನಿನಲ್ಲಿ. ಮಸಾಯ ಮತ್ಸುಉರ ಎಂಬ ಸಂಗೀತಗಾರ ರೂಪಿಸಿದ ‘ಪರಪ್ಪ ದ ರ್‍ಯಾಪರ್’ 1996ರಲ್ಲಿ ಬಂದಿತು. ಕಾಗದದಲ್ಲಿ ಕತ್ತರಿಸಿದಂತಿದ್ದ ಒಂದು ನಾಯಿ ಅದರ ನಾಯಕ. ಗುರುಗಳು ಹಾಡಿದ ಸಾಲನ್ನು ತಾಳ ತಪ್ಪದೆ ಒಪ್ಪಿಸುವುದು ಅದರ ಕೆಲಸ. ಮರುವರ್ಷ ಕೊನಾಮಿ ಕಂಪನಿಯ ‘ಬೀಟ್‌ಮೇನಿಯ’, 1998ರಲ್ಲಿ ಕಾಲಿನಿಂದ ಬಾಣದ ಗುರುತು ತುಳಿಯುವ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’, 1999ರಲ್ಲಿ ಗಿಟಾರಿನಾಕಾರದ ‘ಗಿಟಾರ್ ಫ್ರೀಕ್ಸ್’ ಬಂದವು. ಕರಾವೊಕೆಗೆ ಒಗ್ಗಿದ್ದ ನಾಡಿನಲ್ಲಿ ಪರರ ಹಾಡಿನೊಳಗೆ ತಾನೂ ಒಂದು ಜಾಗ ಮಾಡಿಕೊಳ್ಳುವುದು ಹೊಸ ಸಂಗತಿಯೇನಾಗಿರಲಿಲ್ಲ.

ಹಾಡುಗಳ ಕೊರತೆ ಅಲ್ಲಿ ಅಷ್ಟಾಗಿ ಬಾಧಿಸಲಿಲ್ಲ. ಕೊನಾಮಿ ತನ್ನಲ್ಲೇ ಸಂಗೀತಗಾರರನ್ನು ಇಟ್ಟುಕೊಂಡು ಆಟಕ್ಕೆಂದೇ ಹಾಡು ಕಟ್ಟಿಸಿತು. ನೃತ್ಯದ ಆಟಕ್ಕೆ ತೊಷಿಬ-ಇ.ಎಂ.ಐ. ಹೊರತರುತ್ತಿದ್ದ ‘ಡ್ಯಾನ್ಸ್‌ಮೇನಿಯ’ ಎಂಬ ಸಂಕಲನ ಮಾಲೆಯಿಂದ ಹಾಡುಗಳು ಬಂದವು. ಕಾಲಿಟ್ಟರೆ ಅಂಕ, ತಪ್ಪಿದರೆ ಅಂಕವಿಲ್ಲ ಎಂಬ ಆಟವಾದ್ದರಿಂದ ಹಾಡನ್ನು ಬಿಡಿಸುವ ಗೋಜೂ ಇರಲಿಲ್ಲ. ಸ್ವೀಡನ್ನಿನ ‘ಸ್ಮೈಲ್ ಡಾಟ್ ಡಿಕೆ’ ತಂಡದ ‘ಬಟರ್‌ಫ್ಲೈ’ ಹೀಗೆ ಸಂಕಲನದಿಂದ ಆಟಕ್ಕೆ ದಾಟಿ, ಆ ತಂಡದ ಹೆಸರನ್ನೇ ಕೇಳಿರದ ದೇಶಗಳ ಮಕ್ಕಳ ಕಾಲಿಗೂ ಪರಿಚಿತವಾಯಿತು.

ತೊಡಕು ಕಾಣಿಸಿಕೊಂಡದ್ದು ಆಟ ಅಮೆರಿಕಕ್ಕೆ ಬಂದು ರಾಕ್ ಸಂಗೀತವನ್ನು ಅಪ್ಪಿಕೊಂಡಾಗ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದ ಅಲೆಕ್ಸ್ ರಿಗೊಪುಲೊಸ್ ಮತ್ತು ಎರಾನ್ ಎಗೋಜಿ ಎಂಬಿಬ್ಬರು 1995ರಲ್ಲಿ ಹಾರ್ಮೊನಿಕ್ಸ್ ಎಂಬ ಕಂಪನಿ ಕಟ್ಟಿದ್ದರು. ಸಂಗೀತ ಕಲಿಯದವರಿಗೂ ನುಡಿಸುವ ಸುಖ ಸಿಗಬೇಕೆಂಬುದು ಅವರ ಹಂಬಲ. 2001ರ ‘ಫ್ರೀಕ್ವೆನ್ಸಿ’, 2003ರ ‘ಆಂಪ್ಲಿಟ್ಯೂಡ್’ ಎಂಬ ಅವರ ಆಟಗಳನ್ನು ವಿಮರ್ಶಕರು ಹೊಗಳಿದರು, ಜನ ಕೊಳ್ಳಲಿಲ್ಲ. ಇತ್ತ ಕೈ ಮತ್ತು ಚಾರ್ಲ್ಸ್ ಹುವಾಂಗ್ ಸೋದರರ ರೆಡ್ ಆಕ್ಟೇನ್ ಕಂಪನಿ ಆಟಗಳನ್ನು ಬಾಡಿಗೆಗೆ ಕೊಡುತ್ತ, ನೃತ್ಯದ ಆಟಕ್ಕೆ ಬೇಕಾದ ಮೆಟ್ಟುಚಾಪೆಗಳನ್ನು ಮಾಡುತ್ತಿತ್ತು. ಗಿಟಾರು ಇವರು ಮಾಡುವುದು, ಆಟ ಅವರು ಬರೆಯುವುದು ಎಂದು ಮಾತಾಯಿತು. 2005ರ ನವೆಂಬರಿನಲ್ಲಿ ‘ಗಿಟಾರ್ ಹೀರೋ’ ಹೊರಬಂದಿತು.

ಆ ಮೊದಲ ಆಟದ 30 ಮುಖ್ಯ ಹಾಡುಗಳು ಒಂದು ತಲೆಮಾರಿನ ನೆಚ್ಚಿನ ರಾಕ್ ಗೀತೆಗಳು. ಆದರೆ ಗಮನವಿಟ್ಟು ಕೇಳಿದವರಿಗೆ ಏನೋ ಬೇರೆ ಎನ್ನಿಸುತ್ತಿತ್ತು. ಪರದೆಯ ಮೇಲೆ ಹಾಡಿನ ಹೆಸರಿನ ಕೆಳಗೆ, ಇಂಥ ತಂಡದಿಂದ ಪ್ರಸಿದ್ಧವಾದದ್ದು ಎಂಬ ಅರ್ಥದ ಒಂದು ಸಾಲು ಇರುತ್ತಿತ್ತು. ಹಾಡಿದವರು ಆ ತಂಡದವರು ಎಂದು ಆ ಸಾಲು ಹೇಳುವುದಿಲ್ಲ. ಅವರು ನಿಜಕ್ಕೂ ಹಾಡಿರಲಿಲ್ಲ. ಕ್ಯಾಲಿಫೋರ್ನಿಯಾದ ವೇವ್‌ಗ್ರೂಪ್ ಎಂಬ ಸ್ಟುಡಿಯೊದ ಕಲಾವಿದರು ಮೂಲವನ್ನು ಕೇಳಿ ಕೇಳಿ, ಸ್ವರಕ್ಕೆ ಸ್ವರ ಹೊಂದಿಸಿ ಹೊಸದಾಗಿ ನುಡಿಸಿದ್ದರು.

ಇದರ ಕಾರಣ ಹಕ್ಕಿನ ಕಾನೂನಿನಲ್ಲಿದೆ. ಧ್ವನಿಮುದ್ರಿತ ಹಾಡೊಂದರಲ್ಲಿ ಎರಡು ಆಸ್ತಿಗಳಿರುತ್ತವೆ. ಹಾಡನ್ನು ಕಟ್ಟಿದವರಿಗೆ ಅಥವಾ ಅವರ ಪ್ರಕಾಶಕರಿಗೆ ಸೇರಿದ ರಚನೆ ಒಂದು. ಆ ರಚನೆಯನ್ನು ಇಂಥ ದಿನ, ಇಂಥವರು ಹಾಡಿದಾಗ ಹಿಡಿದಿಟ್ಟ ಧ್ವನಿ ಇನ್ನೊಂದು. ಇದು ಸಾಮಾನ್ಯವಾಗಿ ರೆಕಾರ್ಡು ಕಂಪನಿಯ ಸ್ವತ್ತು. ಮೊದಲನೆಯದಕ್ಕೆ ಮಾತ್ರ ಹಣ ತೆತ್ತು ಅನುಮತಿ ಪಡೆದರೆ, ಹಾಡನ್ನು ಬೇರೆಯವರಿಂದ ಹಾಡಿಸಿ ಬಳಸಬಹುದು. ಹೆಸರಿಲ್ಲದ ಕಂಪನಿ, ಕೈಯಲ್ಲಿ ಹಣ ಕಡಿಮೆ, ಆಟಿಕೆಯ ಗಿಟಾರಿನ ಮೇಲೆ ಯಾರಿಗೂ ನಂಬಿಕೆಯಿಲ್ಲ; ಎರಡನೆಯದನ್ನು ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬೇರೆಯವರಿಂದ ನುಡಿಸಿದರೆ ಇನ್ನೊಂದು ಅನುಕೂಲವೂ ಉಂಟು: ಪ್ರತಿ ವಾದ್ಯ ತಾನಾಗಿಯೇ ಬೇರೆ ಟ್ರ್ಯಾಕಿನಲ್ಲಿ ದೊರಕುತ್ತದೆ. ತಮಾಷೆಯೆಂದರೆ ಅದೇ ಆಟದಲ್ಲಿ ಬಹುಮಾನವಾಗಿ ಇಟ್ಟಿದ್ದ 17 ಹೆಚ್ಚುವರಿ ಹಾಡುಗಳು ಬಹುಪಾಲು ಮೂಲ ಕಲಾವಿದರವೇ. ಅವು ಸಣ್ಣಪುಟ್ಟ ತಂಡಗಳ ಹಾಡುಗಳು. ಕೆಲವು ತಂಡಗಳಲ್ಲಿ ಹಾರ್ಮೊನಿಕ್ಸ್‌ನ ನೌಕರರೇ ಇದ್ದರು. ಹೆಸರಾಂತರ ಹಾಡಿಗೆ ಬದಲಿ ಕಂಠ, ಹೆಸರಿಲ್ಲದವರಿಗೆ ಸ್ವಂತ ಕಂಠ!

ಅನುಕರಣೆ ತೀರ ಚೆನ್ನಾಗಿದ್ದರೂ ಕಷ್ಟವೇ. 1980ರ ದಶಕದ ಹಾಡುಗಳಿಗೆಂದು 2007ರಲ್ಲಿ ಹೊರಬಂದ ಆವೃತ್ತಿಯಲ್ಲಿ ಡೆಟ್ರಾಯ್ಟ್‌ನ ‘ದ ರೊಮ್ಯಾಂಟಿಕ್ಸ್’ ತಂಡದ ಒಂದು ಹಾಡಿತ್ತು. ರಚನೆಯ ಹಕ್ಕನ್ನು ಕಂಪನಿ ಕ್ರಮಬದ್ಧವಾಗಿಯೇ ಪಡೆದಿತ್ತು. ಆದರೂ ಅನುಕರಣೆ ತಮ್ಮದೇ ದನಿಯೆಂದು ಜನ ನಂಬುವಷ್ಟು ಹತ್ತಿರವಾಗಿದೆ, ಇದು ತಮ್ಮ ಗುರುತಿನ ಕಳವು ಎಂದು ತಂಡ ನ್ಯಾಯಾಲಯಕ್ಕೆ ಹೋಯಿತು. 2008ರಲ್ಲಿ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಅಷ್ಟು ಹೊತ್ತಿಗೆ ವ್ಯಾಪಾರದ ಗಾಳಿಯೇ ತಿರುಗಿತ್ತು. ರೆಡ್ ಆಕ್ಟೇನನ್ನು ಆಕ್ಟಿವಿಷನ್ ಕೊಂಡಿತ್ತು, ಹಾರ್ಮೊನಿಕ್ಸನ್ನು 2006ರಲ್ಲಿ 17.5 ಕೋಟಿ ಡಾಲರಿಗೆ ಎಂ.ಟಿ.ವಿ. ಕೊಂಡಿತ್ತು. ಒಂದಾಗಿದ್ದ ಜೋಡಿ ಎದುರಾಳಿಗಳಾದರು. ಗಿಟಾರ್ ಹೀರೋ ಅತ್ತ ಉಳಿಯಿತು. ಇತ್ತ ಹಾರ್ಮೊನಿಕ್ಸ್ ಗಿಟಾರಿನ ಜೊತೆಗೆ ಡ್ರಮ್ಮು ಮತ್ತು ಮೈಕನ್ನೂ ಸೇರಿಸಿ 2007ರ ನವೆಂಬರಿನಲ್ಲಿ ‘ರಾಕ್ ಬ್ಯಾಂಡ್’ ಹೊರತಂದಿತು. ಮೂಲ ಟೇಪು ಕೇಳಿಕೊಂಡು ಹೋದವರನ್ನು ರೆಕಾರ್ಡು ಕಂಪನಿಗಳು ಈಗ ಕೂರಿಸಿ ಮಾತಾಡಿಸತೊಡಗಿದವು.

ನಿಜವಾದ ಕತೆ ಆರಂಭವಾಗುವುದು ಇಲ್ಲಿಂದ. ಕೊಡಲು ಒಪ್ಪಿದವರಿಗೆ ಕೊಡಬೇಕಾದ ವಸ್ತು ಸಿಗಲಿಲ್ಲ. 1976ರಲ್ಲಿ ಇಂಗ್ಲೆಂಡನ್ನು ಬೆಚ್ಚಿಬೀಳಿಸಿದ ‘ಸೆಕ್ಸ್ ಪಿಸ್ಟಲ್ಸ್’ ತಂಡದ ಮೊದಲ ಹಾಡಿನ ಮಲ್ಟಿಟ್ರ್ಯಾಕ್ ಟೇಪು ಎಲ್ಲಿದೆಯೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮೂವತ್ತು ವರ್ಷ ಹಿರಿಯರಾಗಿದ್ದ ತಂಡದವರೇ ಮತ್ತೆ ಸ್ಟುಡಿಯೊ ಸೇರಿ, ಹಿಂದಿನ ನಿರ್ಮಾಪಕ ಕ್ರಿಸ್ ಥಾಮಸ್ ಅವರನ್ನೇ ಕರೆಸಿಕೊಂಡು, ಗಿಟಾರ್ ಹೀರೋದ ಮೂರನೆಯ ಆಟಕ್ಕಾಗಿ ‘ಅನಾರ್ಕಿ ಇನ್ ದ ಯು.ಕೆ.’ಯನ್ನು ಹೊಸದಾಗಿ ಹಾಡಿದರು. ನ್ಯೂಯಾರ್ಕಿನ ‘ಲಿವಿಂಗ್ ಕಲರ್’ ತಂಡವೂ ‘ಕಲ್ಟ್ ಆಫ್ ಪರ್ಸನಾಲಿಟಿ’ಯನ್ನು ಅದೇ ಆಟಕ್ಕೆ ಮರುಮುದ್ರಿಸಿತು. ವ್ಯವಸ್ಥೆಯನ್ನೇ ಧಿಕ್ಕರಿಸಿ ಹೆಸರಾದವರು ಮಕ್ಕಳ ಆಟಿಕೆಗಾಗಿ ತಮ್ಮ ಯೌವನವನ್ನು ತಾವೇ ಅನುಕರಿಸಿದ ಈ ಪ್ರಸಂಗ ಯಾವ ವ್ಯಂಗ್ಯಚಿತ್ರಕಾರನಿಗೂ ಹೊಳೆದಿರಲಾರದು.

ಟೇಪು ಸಿಕ್ಕಿದರೂ ಅದನ್ನು ನುಡಿಸಬಹುದೆಂಬ ಭರವಸೆಯಿಲ್ಲ. 1970ರ, 80ರ ದಶಕಗಳ ಎಷ್ಟೋ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಾಳೆಗೆ ಅಂಟಿಸಿದ ಗೋಂದು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಕಂದು ಪುಡಿ ಕಿತ್ತುಬಂದು, ಪುಡಿಯೊಂದಿಗೆ ಹಾಡೂ ಉದುರಿಹೋಗುತ್ತದೆ. ಅದಕ್ಕೆ ತಂತ್ರಜ್ಞರು ಕಂಡುಕೊಂಡ ಮದ್ದು ವಿಚಿತ್ರವಾದದ್ದು: ಟೇಪನ್ನು 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುವುದು. ಹಪ್ಪಳವನ್ನು ಬಿಸಿಲಿಗೆ ಹಾಕಿದಂತೆಯೇ. ಹೀಗೆ ಒಣಗಿಸಿದ ಟೇಪು ಸ್ವಲ್ಪ ಕಾಲ ನುಡಿಯುತ್ತದೆ; ಆ ಅವಧಿಯೊಳಗೆ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

ಆಟಗಳ ಭರಾಟೆ ಉತ್ತುಂಗದಲ್ಲಿದ್ದಾಗಲೇ, 2008ರ ಜೂನ್ 1ರಂದು, ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣಕ್ಕೆ ಬೆಂಕಿ ಬಿತ್ತು. ಅಲ್ಲೊಂದು ಕಟ್ಟಡದಲ್ಲಿ ಯೂನಿವರ್ಸಲ್ ಸಂಗೀತ ಕಂಪನಿಯ ಮೂಲ ಟೇಪುಗಳಿದ್ದವು. ನಷ್ಟದ ಅಗಾಧತೆಯನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಬಯಲಿಗೆಳೆದದ್ದು ಹನ್ನೊಂದು ವರ್ಷದ ನಂತರ, 2019ರಲ್ಲಿ. ಪತ್ರಿಕೆಯ ಲೆಕ್ಕ ಅತಿಯಾಯಿತೆಂದು ಕಂಪನಿ ವಾದಿಸಿತು. ಲೆಕ್ಕ ಎಷ್ಟೇ ಇರಲಿ, ಸುಟ್ಟದ್ದು ಎಷ್ಟೆಂಬುದನ್ನು ಹೇಳಲು ವರ್ಷಗಳೇ ಬೇಕಾದವು ಎಂಬುದರಲ್ಲಿಯೇ ಉಗ್ರಾಣದ ಸ್ಥಿತಿ ತಿಳಿಯುತ್ತದೆ. ಕೋರಿಕೆ ಪಟ್ಟಿ ಬರೆದು, ಹಾಡು ಬಾರದಿದ್ದಾಗ ಕಂಪನಿಯವರ ಸೋಮಾರಿತನವನ್ನು ಬೈದುಕೊಂಡ ಅಭಿಮಾನಿಗೆ ಈ ಯಾವುದೂ ಗೊತ್ತಿರಲಿಲ್ಲ.

ಎಲ್ಲ ಪಟ್ಟಿಗಳ ಮೇಲ್ತುದಿಯಲ್ಲಿ ಎರಡು ಹೆಸರು ಕಾಯಂ. ಒಂದು ‘ಲೆಡ್ ಝೆಪೆಲಿನ್’, ಇನ್ನೊಂದು ‘ಬೀಟಲ್ಸ್’. ಝೆಪೆಲಿನ್ ಬರಲೇ ಇಲ್ಲ. ಮೂಲ ಟೇಪನ್ನು ಹೊರಗಿನವರ ಕೈಗೆ ಕೊಡಲು ತಂಡಕ್ಕೆ ಮನಸ್ಸಿಲ್ಲವೆಂದು ಆ ದಿನಗಳ ಪತ್ರಿಕೆಗಳು ಬರೆದವು. ಬೀಟಲ್ಸ್ ಬಂದರು. ಅವರು ಬಂದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಜಾರ್ಜ್ ಹ್ಯಾರಿಸನ್ ಅವರ ಮಗ ಧನಿ ಹ್ಯಾರಿಸನ್ ಈ ಆಟಗಳ ರುಚಿ ಹತ್ತಿದವರು. ಅವರ ಮತ್ತು ಎಂ.ಟಿ.ವಿ.ಯ ಮುಖ್ಯಸ್ಥರೊಬ್ಬರ ನಡುವಿನ ಮಾತುಕತೆಯೇ ಬೀಜವಾಯಿತು. ಪಾಲ್ ಮೆಕಾರ್ಟ್ನಿ, ರಿಂಗೊ ಸ್ಟಾರ್, ಯೋಕೊ ಓನೊ, ಒಲಿವಿಯಾ ಹ್ಯಾರಿಸನ್ ನಾಲ್ವರೂ ಒಪ್ಪಬೇಕಿತ್ತು, ಒಪ್ಪಿದರು. ಸಂಗೀತದ ಹೊಣೆ ಬಿದ್ದದ್ದು ಬೀಟಲ್ಸರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಮೇಲೆ. ಅಪ್ಪಂದಿರು ಮಾಡಿದ್ದನ್ನು ಮಕ್ಕಳು ಬಿಚ್ಚಿನೋಡುವ ಕೆಲಸ.

ಬಿಚ್ಚುವುದಾದರೂ ಹೇಗೆ? ಬೀಟಲ್ಸರ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ 1963ರ ಫೆಬ್ರುವರಿ 11ರ ಒಂದೇ ದಿನದಲ್ಲಿ ಮುಗಿಸಿದ್ದರು. ಅಂದು ಬಳಸಿದ ಯಂತ್ರದಲ್ಲಿ ಇದ್ದದ್ದು ಎರಡೇ ಟ್ರ್ಯಾಕು. ಒಂದರಲ್ಲಿ ವಾದ್ಯಗಳೆಲ್ಲ, ಇನ್ನೊಂದರಲ್ಲಿ ಕಂಠಗಳು. ರಾತ್ರಿಯಾಗುವ ಹೊತ್ತಿಗೆ ನೆಗಡಿಯಿಂದ ಗಂಟಲು ಕಟ್ಟಿದ್ದ ಜಾನ್ ಲೆನ್ನನ್ ‘ಟ್ವಿಸ್ಟ್ ಅಂಡ್ ಶೌಟ್’ ಹಾಡನ್ನು ಉಳಿದ ದನಿಯನ್ನೆಲ್ಲ ಒಟ್ಟುಗೂಡಿಸಿ ಕಿರುಚಿ ಮುಗಿಸಿದ ಕತೆ ಪ್ರಸಿದ್ಧವಾದುದು. ಆ ಹಾಡೂ ಆಟದಲ್ಲಿ ಬೇಕಿತ್ತು. ಗಿಟಾರು, ಬಾಸ್, ಡ್ರಮ್ಮು ಒಂದೇ ಟ್ರ್ಯಾಕಿನಲ್ಲಿ ಬೆರೆತಿದ್ದಾಗ ಗಿಟಾರಿಗನ ತಪ್ಪಿಗೆ ಡ್ರಮ್ಮು ನಿಲ್ಲುವಂತಿಲ್ಲ. ಒಂದೊಂದು ವಾದ್ಯದ ನಾದಕ್ಕೆ ಅದರದೇ ಕಂಪನಗಳಿರುತ್ತವೆ. ಆಬಿ ರೋಡಿನ ತಂತ್ರಜ್ಞರು ಕಂಪ್ಯೂಟರಿನಲ್ಲಿ ಆ ಕಂಪನಗಳ ಚಿತ್ರ ಬಿಡಿಸಿಕೊಂಡು, ಯಾವುದು ಯಾವುದರದ್ದೆಂದು ಎಳೆ ಎಳೆಯಾಗಿ ಬೇರ್ಪಡಿಸಿದರು. ಪರಿಪೂರ್ಣವಾಗಿಯಲ್ಲ, ಆಟಕ್ಕೆ ಸಾಕಾಗುವಷ್ಟು. ಹಾಡುಗಳ ನಡುವೆ ನಾಲ್ವರು ಸ್ಟುಡಿಯೊದಲ್ಲಿ ಆಡಿದ ಹರಟೆ, ಶ್ರುತಿ ಮಾಡಿಕೊಳ್ಳುವ ಸದ್ದುಗಳನ್ನೂ ಟೇಪುಗಳಿಂದ ಆಯ್ದು ಸೇರಿಸಿದರು.

‘ದ ಬೀಟಲ್ಸ್: ರಾಕ್ ಬ್ಯಾಂಡ್’ 2009ರ ಸೆಪ್ಟೆಂಬರ್ 9ರಂದು 45 ಹಾಡುಗಳೊಡನೆ ಬಿಡುಗಡೆಯಾಯಿತು. ಅವುಗಳಲ್ಲಿ ಭಾರತಕ್ಕೆ ಸಂಬಂಧಿಸಿದ್ದೂ ಒಂದಿದೆ. ಜಾರ್ಜ್ ಹ್ಯಾರಿಸನ್ 1967ರಲ್ಲಿ ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್‌ನ ಭಾರತೀಯ ವಾದಕರನ್ನು ಕೂಡಿಸಿಕೊಂಡು ಮುದ್ರಿಸಿದ ‘ವಿದಿನ್ ಯು ವಿದೌಟ್ ಯು’ ಗೀತೆಯನ್ನು ರಿಂಗೊ ಅವರ ಇನ್ನೊಂದು ಹಾಡಿನ ಡ್ರಮ್ಮಿನ ಮೇಲೆ ಕೂರಿಸಿದ ಜೋಡಿಹಾಡು ಅದು. ದಿಲ್‌ರುಬಾ, ತಬಲಗಳು ಅಲ್ಲಿ ಕೇಳಿಸುತ್ತವೆ. ಆಟಗಾರನ ಕೈಯಲ್ಲಿ ಇರುವುದು ಮಾತ್ರ ಗಿಟಾರು, ಡ್ರಮ್ಮು ಮತ್ತು ಮೈಕು. ಪ್ಲಾಸ್ಟಿಕ್ಕಿನ ತಬಲವನ್ನು ಯಾರೂ ಮಾಡಲಿಲ್ಲ.

ಇನ್ನೊಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. ಬೀಟಲ್ಸರ ಹಾಡುಗಳು ಆ್ಯಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿಗೆ ಬಂದದ್ದು 2010ರ ನವೆಂಬರ್ 16ರಂದು. ಅದಕ್ಕೆ ಒಂದು ವರ್ಷ ಮೊದಲೇ, 2009ರ ಅಕ್ಟೋಬರಿನಲ್ಲಿ, ‘ಆಬಿ ರೋಡ್’ ಆಲ್ಬಮ್ಮಿನ ಹಾಡುಗಳನ್ನು ಆಟದ ಯಂತ್ರಕ್ಕೆ ದುಡ್ಡು ಕೊಟ್ಟು ಇಳಿಸಿಕೊಳ್ಳಬಹುದಿತ್ತು. ಸಂಗೀತ ಕೇಳುವವರಿಗೆ ಇನ್ನೂ ತೆರೆಯದ ಬಾಗಿಲು ಆಡುವವರಿಗೆ ತೆರೆದಿತ್ತು.

ಝೆಪೆಲಿನ್ ತಂಡದ ಅಳುಕಿನಲ್ಲಿ ಹುರುಳಿರಲಿಲ್ಲವೆನ್ನುವಂತಿಲ್ಲ. ಆಟದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟ ಟ್ರ್ಯಾಕುಗಳನ್ನು ಹೊರತೆಗೆಯುವ ಉಪಾಯವನ್ನು ಜಾಣ ಅಭಿಮಾನಿಗಳು ಬೇಗನೆ ಕಂಡುಕೊಂಡರು. ಸ್ಟುಡಿಯೊದ ನಾಲ್ಕು ಗೋಡೆಗಳ ಒಳಗಿನವರಷ್ಟೇ ಕೇಳಿದ್ದ ಒಂಟಿ ದನಿಗಳು ಹೀಗೆ ಹೊರಬಿದ್ದವು. ರೋಲಿಂಗ್ ಸ್ಟೋನ್ಸ್ ತಂಡದ 1969ರ ‘ಗಿಮ್ಮಿ ಶೆಲ್ಟರ್’ ಹಾಡು ರಾಕ್ ಬ್ಯಾಂಡಿನ ಮೊದಲ ಆಟದಲ್ಲಿತ್ತು. ಅದರಲ್ಲಿ ಮೆರಿ ಕ್ಲೇಟನ್ ಎಂಬ ಗಾಯಕಿ ಮೇಲಿನ ಸ್ಥಾಯಿಗೆ ಏರಿ ಹಾಡುವಾಗ ದನಿ ಒಡೆಯುತ್ತದೆ. ವಾದ್ಯಗಳ ಗದ್ದಲವಿಲ್ಲದೆ ಆ ಕಂಠವೊಂದನ್ನೇ ಕೇಳಿದಾಗ, ದನಿ ಒಡೆದ ಕೂಡಲೇ ಹಿಂದಿನಿಂದ ಮಿಕ್ ಜ್ಯಾಗರ್ ಬೆರಗಿನಿಂದ ಕೂಗಿದ್ದು ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಸಂಗೀತದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ? ಹಕ್ಕುದಾರನ ಕಣ್ಣಿಗೆ ಅದು ಕಳವು. ಎರಡೂ ಮಾತು ನಿಜ.

ಮೂಲಕ್ಕಿಂತ ಆಟದ ಪ್ರತಿಯೇ ಮೇಲಾದ ಉದಾಹರಣೆಯೂ ಇದೆ. 2008ರ ಸೆಪ್ಟೆಂಬರಿನಲ್ಲಿ ‘ಮೆಟಾಲಿಕ’ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಸಿ.ಡಿ.ಯಾಗಿಯೂ ಗಿಟಾರ್ ಹೀರೋದ ಹಾಡುಗಳಾಗಿಯೂ ಒಟ್ಟಿಗೆ ಬಂದಿತು. ಆ ಕಾಲದಲ್ಲಿ ರೆಕಾರ್ಡು ಕಂಪನಿಗಳಿಗೆ ಒಂದು ಚಾಳಿ ಅಂಟಿತ್ತು: ಹಾಡಿನ ಮೆಲುದನಿಯನ್ನೂ ಏರುದನಿಯನ್ನೂ ಒಂದೇ ಎತ್ತರಕ್ಕೆ ಎಳೆದು, ಇಡೀ ಹಾಡು ಅರಚುವಂತೆ ಮಾಡುವುದು. ರೇಡಿಯೊದಲ್ಲಿ ಪಕ್ಕದ ಹಾಡಿಗಿಂತ ಜೋರಾಗಿ ಕೇಳಬೇಕೆಂಬ ಪೈಪೋಟಿ. ಸಿ.ಡಿ.ಯಲ್ಲಿ ಈ ಅತಿರೇಕದಿಂದ ನಾದ ಒಡೆದು ಕರಕರ ಎನ್ನುತ್ತಿತ್ತು. ಆಟಕ್ಕೆ ಟ್ರ್ಯಾಕುಗಳನ್ನು ಬೇರೆ ಬೇರೆಯಾಗಿ ಕೊಟ್ಟದ್ದರಿಂದ ಆ ಕೊನೆಯ ಹಿಂಡುವಿಕೆಯಿಂದ ಅವು ಪಾರಾಗಿದ್ದವು. ಎರಡನ್ನೂ ಹೋಲಿಸಿದ ಅಭಿಮಾನಿಗಳು ಆಟಿಕೆಯಲ್ಲಿ ಕೇಳುವಷ್ಟು ಚೆನ್ನಾಗಿ ಆಲ್ಬಮ್ಮಿನಲ್ಲೂ ಕೇಳುವಂತೆ ಮಾಡಿಕೊಡಿ ಎಂದು ಮನವಿ ಬರೆದು ಸಾವಿರಗಟ್ಟಲೆ ಸಹಿ ಹಾಕಿದರು. ಆಟದಲ್ಲಿ ಹಾಡು ಬೇಕೆಂಬ ಕೋರಿಕೆ ಇಲ್ಲಿ ತಿರುಗುಮುರುಗಾಗಿತ್ತು. ಆ ಕೋರಿಕೆ ಅಂದು ಈಡೇರಲಿಲ್ಲ.

ಹಣ ಹರಿದಲ್ಲಿ ಜಗಳವೂ ಹರಿಯಿತು. ಮೂರನೆಯ ಗಿಟಾರ್ ಹೀರೋದ ಮಾರಾಟ 100 ಕೋಟಿ ಡಾಲರ್ ದಾಟಿತೆಂದು 2009ರ ಜನವರಿಯಲ್ಲಿ ಆಕ್ಟಿವಿಷನ್ ಸಾರಿತು. ‘ಏರೊಸ್ಮಿತ್’ ತಂಡ ತನ್ನ ಯಾವೊಂದು ಆಲ್ಬಮ್ಮಿಗಿಂತಲೂ ಆಟದಿಂದಲೇ ಹೆಚ್ಚು ಗಳಿಸಿತೆಂದು ಅದರ ಮುಖ್ಯಸ್ಥ ಬಾಬಿ ಕೊಟಿಕ್ ಹೇಳಿಕೊಂಡರು. ವಾರ್ನರ್ ಸಂಗೀತ ಕಂಪನಿಯ ಎಡ್ಗರ್ ಬ್ರಾನ್ಫ್‌ಮನ್, ಸಂಗೀತದ ಮೇಲೆಯೇ ನಿಂತ ಆಟಗಳು ಸಂಗೀತಕ್ಕೆ ಕೊಡುವುದು ತೀರ ಅಲ್ಪವೆಂದು 2008ರಲ್ಲಿ ದೂರಿದರು. ಆಟದೊಳಗಿನ ತಮ್ಮ ಗೊಂಬೆಗಳಿಂದ ಬೇರೆಯವರ ಹಾಡು ಹಾಡಿಸಿದ್ದನ್ನು ಪ್ರತಿಭಟಿಸಿ ‘ನೋ ಡೌಟ್’ ತಂಡ 2009ರಲ್ಲಿ ದಾವೆ ಹೂಡಿತು. ಇವೆಲ್ಲ ಇತ್ಯರ್ಥವಾಗುವ ಮೊದಲೇ ಕೊಳ್ಳುವವರು ಕಡಿಮೆಯಾದರು. ವರ್ಷಕ್ಕೆ ನಾಲ್ಕಾರು ಆಟ, ಪ್ರತಿ ಆಟದೊಡನೆ ಮೂಲೆ ತುಂಬುವ ಪ್ಲಾಸ್ಟಿಕ್ ವಾದ್ಯ. ಮನೆಗಳಲ್ಲಿ ಜಾಗವಿರಲಿಲ್ಲ, ಆರ್ಥಿಕ ಹಿಂಜರಿತದ ದಿನಗಳಲ್ಲಿ ಕೈಯಲ್ಲಿ ದುಡ್ಡೂ ಇರಲಿಲ್ಲ. 2010ರ ಕೊನೆಗೆ ಎಂ.ಟಿ.ವಿ.ಯ ಒಡೆಯನಾದ ವಯಾಕಾಮ್ ಹಾರ್ಮೊನಿಕ್ಸನ್ನು ಮಾರಿಬಿಟ್ಟಿತು. ಸಾಲಬಾಧೆಗಳನ್ನು ಹೊರಿಸಿ, ಕಂಪನಿಯ ಬೆಲೆಯಾಗಿ ಪಡೆದದ್ದು ಬರೀ 50 ಡಾಲರಿನಷ್ಟೆಂದು, ಅಂದರೆ ಒಂದು ಆಟದ ಬೆಲೆಯೆಂದು ವರದಿಯಾಯಿತು. 2011ರ ಫೆಬ್ರುವರಿಯಲ್ಲಿ ಆಕ್ಟಿವಿಷನ್ ಗಿಟಾರ್ ಹೀರೋ ವಿಭಾಗವನ್ನೇ ಮುಚ್ಚಿತು.

ಪಟ್ಟಿ ಬರೆಯುವವರು ಮಾತ್ರ ನಿಲ್ಲಲಿಲ್ಲ. ರಾಕ್ ಬ್ಯಾಂಡಿಗೆ ಹೊಸ ಹಾಡುಗಳನ್ನು ಬಿಡಿಯಾಗಿ ಮಾರುವ ಪದ್ಧತಿ ಮೊದಲಿನಿಂದಲೂ ಇತ್ತು. ಹಾಡೊಂದಕ್ಕೆ ಎರಡು ಡಾಲರಿನ ಆಸುಪಾಸು. ಈ ವಾರ ಯಾವ ಹಾಡು ಎಂದು ಕಾಯುವುದೇ ಒಂದು ವ್ರತವಾಯಿತು. 2010ರಲ್ಲಿ ಹಾರ್ಮೊನಿಕ್ಸ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಸಂಗೀತಗಾರರೇ ತಮ್ಮ ಹಾಡನ್ನು ಆಟಕ್ಕೆ ಹೊಂದಿಸಿ ಮಾರಲು ಅವಕಾಶ ಕೊಟ್ಟಿತು, ಮಾರಾಟದ ಶೇ. 30 ಅವರ ಪಾಲು. ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಎಂದೂ ಜಾಗ ಸಿಗದ ತಂಡಗಳಿಗೆ ಅದೊಂದು ಬಾಗಿಲಾಯಿತು. ಹಾಡುಗಳ ಒಟ್ಟು ಸಂಖ್ಯೆ 2000 ಮೀರಿತು. ವಾರದ ಹಾಡುಗಳ ಈ ಪರಂಪರೆಗೆ ತೆರೆಬಿದ್ದದ್ದು 2024ರ ಜನವರಿ 25ರಂದು. ಹಾರ್ಮೊನಿಕ್ಸ್ ಅಷ್ಟರಲ್ಲಿ ಎಪಿಕ್ ಕಂಪನಿಯ ಪಾಲಾಗಿ, ‘ಫೋರ್ಟ್‌ನೈಟ್’ ಎಂಬ ಜನಪ್ರಿಯ ಆಟದೊಳಗೆ ಸಂಗೀತದ ಹೊಸ ವಿಭಾಗವನ್ನು ನಡೆಸುತ್ತಿತ್ತು. ಕೋರಿಕೆಗಳು ಈಗ ಅಲ್ಲಿಗೆ ಹೋಗುತ್ತವೆ.

ಕೇಳಿ ಕೇಳಿ ಬೇಸತ್ತವರು ಬೇರೆ ದಾರಿ ಹಿಡಿದಿದ್ದರು. ಫಿನ್ಲೆಂಡಿನ ಕೆಲವು ಯುವಕರು 2006ರಲ್ಲಿಯೇ ‘ಫ್ರೆಟ್ಸ್ ಆನ್ ಫೈರ್’ ಎಂಬ ಉಚಿತ ಆಟವನ್ನು ಬರೆದಿದ್ದರು. ಕಂಪ್ಯೂಟರಿನ ಕೀಲಿಮಣೆಯನ್ನೇ ಎರಡು ಕೈಯಲ್ಲಿ ಗಿಟಾರಿನಂತೆ ಹಿಡಿದು ಆಡುವ ಆಟ ಅದು. 2017ರಲ್ಲಿ ಬಂದ ‘ಕ್ಲೋನ್ ಹೀರೋ’ ಆ ಸಾಲಿನದೇ. ಇವುಗಳಲ್ಲಿ ಹಾಡು ಬೇಕಾದವನು ಹಾಡನ್ನು ತಾನೇ ಕೇಳಿ, ಯಾವ ಕ್ಷಣಕ್ಕೆ ಯಾವ ಬಣ್ಣದ ಬಿಲ್ಲೆ ಎಂದು ಒಂದೊಂದಾಗಿ ಗುರುತುಹಾಕಿ ನಕ್ಷೆ ಬರೆಯುತ್ತಾನೆ. ನಕ್ಷೆ ಅವನದು, ಸಂಗೀತ ಇನ್ನೊಬ್ಬರದು. ಅದನ್ನು ಸೇರಿಸಿ ಹಂಚಿದರೆ ಕಾನೂನು ಒಪ್ಪುವುದಿಲ್ಲ. ಆದರೂ ಝೆಪೆಲಿನ್ ಹಾಡಿಗೆ ಬೆರಳಾಡಿಸುವ ಆಸೆ ಹದಿಹರೆಯದಲ್ಲಿ ಕೈಗೂಡದ ಎಷ್ಟೋ ಜನ ಈ ಮನೆಗೆಲಸಕ್ಕೆ ಕುಳಿತರು. ಬೆರೆತ ಹಾಡನ್ನು ಬಿಡಿಸುವ ಕೆಲಸವೂ ಈಗ ಮೊದಲಿನಷ್ಟು ಕಷ್ಟದ್ದಲ್ಲ. ಲೆನ್ನನ್ ಅವರ ಹಳೆಯ ಕ್ಯಾಸೆಟ್ಟೊಂದರಲ್ಲಿ ಪಿಯಾನೊದೊಡನೆ ಬೆರೆತಿದ್ದ ದನಿಯನ್ನು ಯಂತ್ರಕಲಿಕೆಯ ನೆರವಿನಿಂದ ಬಿಡಿಸಿಕೊಂಡು, 2023ರ ನವೆಂಬರ್ 2ರಂದು ಬೀಟಲ್ಸರ ‘ನೌ ಅಂಡ್ ದೆನ್’ ಹೊರಬಂದಿತು. ಆಬಿ ರೋಡಿನ ತಜ್ಞರು 2009ರಲ್ಲಿ ಎಳೆ ಎಳೆಯಾಗಿ ಮಾಡಿದ್ದಂಥ ಕೆಲಸವನ್ನು ಇಂದು ಮನೆಯ ಕಂಪ್ಯೂಟರೂ ತಕ್ಕಮಟ್ಟಿಗೆ ಮಾಡುತ್ತದೆ.

ಕೊಂಡ ಹಾಡುಗಳ ಗತಿ ಏನಾಯಿತು? ಪರವಾನಗಿಗಳಿಗೆ ಅವಧಿಯಿರುತ್ತದೆ. ರಾಕ್ ಬ್ಯಾಂಡಿನ ನಾಲ್ಕನೆಯ ಆಟ 2015ರ ಅಕ್ಟೋಬರಿನಲ್ಲಿ ಬಂದಿತ್ತು. ಸರಿಯಾಗಿ ಹತ್ತು ವರ್ಷಕ್ಕೆ, 2025ರ ಅಕ್ಟೋಬರಿನಲ್ಲಿ, ಹಕ್ಕಿನ ಗಡುವು ತೀರಿ ಅದು ಮಾರಾಟದಿಂದ ಮರೆಯಾಯಿತು. ಬೀಟಲ್ಸರ ಹೆಚ್ಚುವರಿ ಹಾಡುಗಳ ಮಾರಾಟ 2016ರ ಮೇ ತಿಂಗಳಲ್ಲೇ ನಿಂತಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಆ ಆಟದ ತಟ್ಟೆ ಸಿಕ್ಕರೆ ಅದರಲ್ಲಿ 45 ಹಾಡುಗಳು ಇವತ್ತಿಗೂ ಇವೆ. ‘ಆಬಿ ರೋಡ್’ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಬೇಕೆನ್ನುವವನು ಮಾತ್ರ, ಆ ಮೇ ತಿಂಗಳಿಗೆ ಮುಂಚೆ ದುಡ್ಡು ಕೊಟ್ಟು ಇಳಿಸಿಕೊಂಡವರೊಬ್ಬರ ಮನೆಯಲ್ಲಿ ಇನ್ನೂ ಕೆಡದೆ ಉಳಿದಿರುವ ಹಳೆಯ ಯಂತ್ರವನ್ನೇ ಹುಡುಕಿಕೊಂಡು ಹೋಗಬೇಕು.